ಸಾಲೆಷ್ಟು, ಪದವೆಷ್ಟು, ಅಕ್ಷರವೆಷ್ಟು: ಟರ್ಮಿನಲ್‌ನಲ್ಲಿ ಬರಹ ಎಣಿಸುವ ಬಗೆ

ಕೆಲವು ವರ್ಷಗಳ ಹಿಂದೆ ಪತ್ರಿಕೆಯೊಂದಕ್ಕೆ ಲೇಖನ ಬರೆದುಕೊಡಬೇಕಿತ್ತು. 9,000 ಅಕ್ಷರ ಮೀರಬಾರದು ಎಂದು ಸಂಪಾದಕರು ಕಟ್ಟುನಿಟ್ಟಾಗಿ ಹೇಳಿದ್ದರು. ಬರೆದು ಮುಗಿಸಿ, ಕಮಾಂಡ್ ಟೈಪ್ ಮಾಡಿ ಕಂಪ್ಯೂಟರಿಗೆ ಕೆಲಸ ಹೇಳುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಎಣಿಸಿ ನೋಡಿದೆ. 8,970 ಎಂದು ಬಂತು. ಅಳತೆಗೆ ತಕ್ಕಂತೆ ಹೊಲಿದ ಅಂಗಿಯಂತೆ ಕೂತಿದೆ ಎಂದುಕೊಂಡು ಕಳುಹಿಸಿಬಿಟ್ಟೆ. ಮರುದಿನ ಫೋನ್ ಬಂತು. "ಉಳಿದರ್ಧ ಯಾವಾಗ ಕಳುಹಿಸುತ್ತೀರಿ?" ಎಂದರು ಅವರು. ನಾನು ಎಣಿಸಿದ್ದು ಅಕ್ಷರಗಳನ್ನಲ್ಲ, ಬರಹ ಉಳಿಸಲು ಕಂಪ್ಯೂಟರ್ ಬಳಸುವ ಜಾಗದ ಅಳತೆಯಾದ ಬೈಟ್‌ಗಳನ್ನು. ಅಕ್ಷರಗಳು 3,400ರ ಆಸುಪಾಸಿನಲ್ಲಿದ್ದವು.

ಕಮಾಂಡ್ ತಪ್ಪು ಹೇಳಿರಲಿಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿತ್ತು, ನಾನು ಕೇಳಿದ್ದು ಬೇರೆಯಾಗಿತ್ತು. ಈ ಲೇಖನದಲ್ಲಿ ಆ ಕಮಾಂಡ್ ಬಳಸುವ ವಿಧಾನವನ್ನು ಹೇಳುತ್ತೇನೆ. ಅದಕ್ಕಿಂತ ಹೆಚ್ಚಾಗಿ, ಅದು ಕೊಡುವ ಪ್ರತಿಯೊಂದು ಸಂಖ್ಯೆ ನಿಜಕ್ಕೂ ಯಾವುದರ ಲೆಕ್ಕ ಎನ್ನುವುದನ್ನು ಬಿಡಿಸಿ ತೋರಿಸುತ್ತೇನೆ.

ಕಮಾಂಡ್ ಮತ್ತು ಅದನ್ನು ಬರೆಯುವ ಕ್ರಮ

ಕಮಾಂಡ್‌ನ ಹೆಸರು ಡಬ್ಲ್ಯುಸಿ. 'ವರ್ಡ್ ಕೌಂಟ್' ಎಂಬುದರ ಮೊದಲಕ್ಷರಗಳು. 1971ರ ನವೆಂಬರ್‌ನಲ್ಲಿ ಹೊರಬಂದ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೊಟ್ಟಮೊದಲ ಕೈಪಿಡಿಯಲ್ಲೇ ಇದು ಇತ್ತು. ಐವತ್ತು ವರ್ಷ ದಾಟಿದರೂ ಕೆಲಸ ಅದೇ, ಸ್ವಭಾವವೂ ಅದೇ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಮೊದಲೇ ಇರುತ್ತದೆ, ಬೇರೆ ಏನನ್ನೂ ಸ್ಥಾಪಿಸಬೇಕಾಗಿಲ್ಲ. ವಿಂಡೋಸ್‌ನವರಿಗೆ ಮುಂದೆ ಬೇರೆಯಾಗಿ ಹೇಳಿದ್ದೇನೆ.

ಇಲ್ಲಿ ಕಮಾಂಡ್‌ಗಳನ್ನೂ ಅವುಗಳ ಆಯ್ಕೆಗಳನ್ನೂ ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನು ಬಳಸಬೇಕು. ದೊಡ್ಡಕ್ಷರ ಎಂದು ನಾನು ಹೇಳದ ಕಡೆಯೆಲ್ಲ ಸಣ್ಣಕ್ಷರ. 'ಡಬ್ಲ್ಯುಸಿ -ಎಲ್' ಎಂದಿದ್ದರೆ ಡಬ್ಲ್ಯು, ಸಿ, ಒಂದು ಖಾಲಿ ಜಾಗ, ಅಡ್ಡಗೆರೆ, ಎಲ್. ಫೈಲ್‌ನ ಹೆಸರನ್ನು ಮಾತ್ರ ಕನ್ನಡದಲ್ಲೇ ಇಡಬಹುದು, ಟರ್ಮಿನಲ್‌ಗೆ ಅದರಿಂದ ತೊಂದರೆಯಿಲ್ಲ. ಇಲ್ಲಿನ ಫೈಲ್‌ನ ಹೆಸರು 'ಕಥೆ'.

ಮೊದಲು ಒಂದು ಪುಟ್ಟ ಫೈಲ್ ಮಾಡಿಕೊಳ್ಳೋಣ. ಸಾವಿರ ಸಾಲಿನ ಫೈಲ್‌ನಲ್ಲಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮೂರು ಸಾಲಿನದ್ದಾದರೆ ಬೆರಳು ಮಡಚಿ ಪರೀಕ್ಷಿಸಬಹುದು. ಟರ್ಮಿನಲ್ ತೆರೆದು ಹೀಗೆ ಬರೆಯಿರಿ:

```
ಕ್ಯಾಟ್ > ಕಥೆ
ಸುಮ್ಮನೆ ಕುಳಿತಿದ್ದೆ
ಮನೆ ಎಂದರೆ ಮನೆ
ಮಳೆ ಬಂತು
```

ಕೊನೆಯ ಸಾಲಿನ ನಂತರವೂ ಎಂಟರ್ ಒತ್ತಿ, ಆಮೇಲೆ ಕಂಟ್ರೋಲ್ ಕೀ ಹಿಡಿದು ಡಿ ಒತ್ತಿ. ಇಲ್ಲಿ ಸ್ವಲ್ಪ ಎಚ್ಚರ ಬೇಕು. 'ಕಥೆ' ಎಂಬ ಫೈಲ್ ಮೊದಲೇ ಇದ್ದರೆ ಆ ಬಾಣದ ಗುರುತು ಹಳೆಯದನ್ನು ಕೇಳದೆಯೇ ಅಳಿಸಿ ಹೊಸದನ್ನು ಬರೆಯುತ್ತದೆ.

ಈಗ ಎಣಿಸಿ:

```
ಡಬ್ಲ್ಯುಸಿ ಕಥೆ
  3   7 112 ಕಥೆ
```

ಮೂರು ಸಂಖ್ಯೆ, ಕೊನೆಯಲ್ಲಿ ಫೈಲ್‌ನ ಹೆಸರು. ಮೊದಲನೆಯದು ಸಾಲು, ಎರಡನೆಯದು ಪದ, ಮೂರನೆಯದು ಬೈಟ್. ಒಂದೇ ಸಂಖ್ಯೆ ಸಾಕಾದರೆ ಆಯ್ಕೆ ಕೊಡಬೇಕು. ಸಾಲಿಗೆ -ಎಲ್, ಪದಕ್ಕೆ -ಡಬ್ಲ್ಯು, ಬೈಟಿಗೆ -ಸಿ, ಅಕ್ಷರಕ್ಕೆ -ಎಂ. ಎರಡು ಮೂರು ಆಯ್ಕೆಗಳನ್ನು ಒಟ್ಟಿಗೆ ಕೊಟ್ಟರೂ ನಡೆಯುತ್ತದೆ. ಆದರೆ ನೀವು ಯಾವ ಕ್ರಮದಲ್ಲಿ ಕೇಳಿದರೂ ಉತ್ತರ ಬರುವುದು ಅದರದೇ ಕ್ರಮದಲ್ಲಿ: ಸಾಲು, ಪದ, ಅಕ್ಷರ, ಬೈಟ್. '-ಸಿಎಲ್' ಎಂದು ಬರೆದು ಮೊದಲ ಸಂಖ್ಯೆಯನ್ನು ಬೈಟ್ ಎಂದುಕೊಂಡವರು ಬಹಳ ಮಂದಿ.

ಫೈಲ್‌ನ ಹೆಸರು ಬೇಡ, ಬರೀ ಸಂಖ್ಯೆ ಸಾಕು ಎಂದಾದರೆ ಎಡಬಾಣ ಬಳಸಿ:

```
ಡಬ್ಲ್ಯುಸಿ -ಎಲ್ < ಕಥೆ
3
```

ಫೈಲ್‌ನ ಹೆಸರನ್ನೇ ಕೊಡದೆ 'ಡಬ್ಲ್ಯುಸಿ' ಎಂದಷ್ಟೇ ಬರೆದು ಎಂಟರ್ ಒತ್ತಿದರೆ ಟರ್ಮಿನಲ್ ಸುಮ್ಮನೆ ಕುಳಿತುಬಿಡುತ್ತದೆ. ಕೆಟ್ಟುಹೋಗಿದೆ ಎಂದು ಗಾಬರಿಯಾಗಬೇಡಿ. ನೀವು ಏನಾದರೂ ಬರೆಯುತ್ತೀರಿ ಎಂದು ಅದು ಕಾಯುತ್ತಿರುತ್ತದೆ. ಬೇಕಾದ್ದನ್ನು ಅಲ್ಲೇ ಬರೆದು, ಎಂಟರ್ ಒತ್ತಿ, ಕಂಟ್ರೋಲ್-ಡಿ ಒತ್ತಿದರೆ ಎಣಿಸಿ ಕೊಡುತ್ತದೆ. ಬಿಟ್ಟು ಹೊರಬರಬೇಕಾದರೆ ಕಂಟ್ರೋಲ್-ಸಿ.

ಸಾಲು ಎಂದರೆ ಎಂಟರ್

-ಎಲ್ ಎಣಿಸುವುದು ಪರದೆಯ ಮೇಲೆ ಕಾಣುವ ಸಾಲುಗಳನ್ನಲ್ಲ. ಫೈಲ್‌ನಲ್ಲಿ ಎಷ್ಟು ಸಲ ಎಂಟರ್ ಬಿದ್ದಿದೆ ಎಂಬುದನ್ನು. ಇದರಿಂದ ಎರಡು ವಿಚಿತ್ರಗಳು ಹುಟ್ಟುತ್ತವೆ. ಉದ್ದನೆಯ ಪ್ಯಾರಾ ಪರದೆಯಲ್ಲಿ ಹತ್ತು ಸಾಲಾಗಿ ಮಡಚಿಕೊಂಡಿದ್ದರೂ ಅದು ಒಂದೇ ಸಾಲು. ಇನ್ನೊಂದು, ಕೊನೆಯ ಸಾಲಿನ ನಂತರ ಎಂಟರ್ ಒತ್ತಿರದಿದ್ದರೆ ಆ ಸಾಲು ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಫೈಲ್‌ನ ಕೊನೆಯ ಎಂಟರ್ ತೆಗೆದರೆ ಉತ್ತರ 2, 7, 111 ಎಂದಾಗುತ್ತದೆ. ಪದಗಳು ಏಳೂ ಇವೆ, ಸಾಲು ಮಾತ್ರ ಎರಡು.

ಕೊನೆಯ ಸಾಲನ್ನೂ ಬಿಡದೆ ಎಣಿಸಬೇಕೆಂದರೆ ಗ್ರೆಪ್ ಬಳಸುವುದು ಮೇಲು. ಜಿ, ಆರ್, ಇ, ಪಿ ಅಕ್ಷರಗಳ ಈ ಕಮಾಂಡ್ ಪದ ಹುಡುಕುವುದಕ್ಕೆ ಇರುವಂಥದ್ದು. -ಸಿ ಆಯ್ಕೆ ಕೊಟ್ಟರೆ ಎಷ್ಟು ಸಾಲಿನಲ್ಲಿ ಸಿಕ್ಕಿತು ಎಂದು ಹೇಳುತ್ತದೆ.

```
ಗ್ರೆಪ್ -ಸಿ '' ಕಥೆ
ಗ್ರೆಪ್ -ಸಿ . ಕಥೆ
```

ಮೊದಲನೆಯದು ಎಲ್ಲ ಸಾಲುಗಳನ್ನೂ ಎಣಿಸುತ್ತದೆ, ಎಂಟರ್ ಇರಲಿ ಬಿಡಲಿ. ಎರಡನೆಯದು ಖಾಲಿ ಸಾಲುಗಳನ್ನು ಬಿಟ್ಟು ಎಣಿಸುತ್ತದೆ. ಪ್ಯಾರಾಗಳ ನಡುವೆ ಒಂದೊಂದು ಖಾಲಿ ಸಾಲು ಬಿಡುವ ಅಭ್ಯಾಸವಿರುವವರಿಗೆ ಪ್ಯಾರಾ ಎಣಿಸಲು ಇದೇ ಸುಲಭದ ದಾರಿ.

ಪದ ಎಂದರೆ ಎರಡು ಖಾಲಿ ಜಾಗಗಳ ನಡುವಿನದ್ದು

ಡಬ್ಲ್ಯುಸಿಗೆ ವ್ಯಾಕರಣ ಗೊತ್ತಿಲ್ಲ. ಖಾಲಿ ಜಾಗ, ಟ್ಯಾಬ್, ಎಂಟರ್ ಇವುಗಳ ನಡುವೆ ಸಿಕ್ಕಿದ್ದೆಲ್ಲ ಅದಕ್ಕೆ ಪದವೇ. ಎರಡೂ ಪಕ್ಕದಲ್ಲಿ ಜಾಗ ಬಿಟ್ಟು ಹಾಕಿದ ಅಡ್ಡಗೆರೆ ಒಂದು ಪದ. ಕವಿತೆಯ ಕೊನೆಯಲ್ಲಿ ಒಂಟಿಯಾಗಿ ನಿಂತ ನಕ್ಷತ್ರ ಚಿಹ್ನೆಯೂ ಒಂದು ಪದ. 'ಬಂದ,ಹೋದ' ಎಂದು ಅಲ್ಪವಿರಾಮದ ನಂತರ ಜಾಗ ಬಿಡದೆ ಬರೆದರೆ ಎರಡೂ ಸೇರಿ ಒಂದೇ ಪದ.

ಕನ್ನಡದಲ್ಲಿ ಇದರ ಪರಿಣಾಮ ಇನ್ನೂ ದೊಡ್ಡದು. 'ಮನೆಯಲ್ಲಿದ್ದವರಿಗೂ' ಎಂಬುದು ನಮಗೆ ಒಂದು ಪದ. ಇದನ್ನೇ ಇಂಗ್ಲಿಷ್‌ನಲ್ಲಿ ಹೇಳಲು ಆರೇಳು ಪದ ಬೇಕಾದೀತು. ವಿಭಕ್ತಿ, ಕಾಲ, ಸಂಧಿ ಎಲ್ಲವೂ ಪದದ ಬೆನ್ನಿಗೇ ಅಂಟಿಕೊಳ್ಳುವ ಭಾಷೆ ನಮ್ಮದು. ಆದ್ದರಿಂದ ಇಂಗ್ಲಿಷ್ ಬರಹಕ್ಕೆಂದು ಮಾಡಿದ ಪದಮಿತಿಯನ್ನು ಕನ್ನಡಕ್ಕೆ ಹಾಗೆಯೇ ಹೊರಿಸಿದರೆ ಬರೆಯುವವನ ಬೆನ್ನು ಬಾಗುತ್ತದೆ. ಸಂಧಿ ಬಿಡಿಸಿ ಬರೆಯುವವರಿಗೂ ಕೂಡಿಸಿ ಬರೆಯುವವರಿಗೂ ಅದೇ ಪುಟಕ್ಕೆ ಬೇರೆ ಬೇರೆ ಲೆಕ್ಕ ಬರುತ್ತದೆ. ಭಾಷಾಂತರದ ಕೆಲಸಕ್ಕೆ ಪದದ ಲೆಕ್ಕದಲ್ಲಿ ಸಂಭಾವನೆ ಒಪ್ಪಿಕೊಳ್ಳುವವರು ಎಣಿಕೆ ಮೂಲದ್ದೋ ಅನುವಾದದ್ದೋ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಬೈಟ್, ಅಕ್ಷರ, ಮತ್ತು ನಾವು ಅಕ್ಷರ ಎನ್ನುವ ಅಕ್ಷರ

ನಾನು ಮುಗ್ಗರಿಸಿದ್ದು ಇಲ್ಲಿ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

1971ರಲ್ಲಿ ಒಂದು ಅಕ್ಷರ ಎಂದರೆ ಒಂದು ಬೈಟ್. ಇಂಗ್ಲಿಷ್‌ಗೆ ಅಷ್ಟು ಸಾಕಿತ್ತು. ಅದಕ್ಕೇ 'ಕ್ಯಾರೆಕ್ಟರ್' ಎಂಬುದರ ಮೊದಲಕ್ಷರ ಹೊತ್ತ -ಸಿ ಆಯ್ಕೆ ಬೈಟ್‌ಗಳನ್ನು ಎಣಿಸುತ್ತದೆ. ಲೋಕದ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಕೇತ ಗೊತ್ತುಮಾಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ 128 ಮನೆಗಳ ಕೇರಿ ಸಿಕ್ಕಿತು. ಮರುವರ್ಷ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಎಂಬ ವಿಧಾನದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್, ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟ್. ಇಂದು ನಾವು ಬರೆಯುವ ಹೆಚ್ಚುಕಡಿಮೆ ಎಲ್ಲ ಫೈಲ್‌ಗಳೂ ಈ ವಿಧಾನದಲ್ಲೇ ಉಳಿಯುತ್ತವೆ. ಹಳೆಯ -ಸಿ ಬೈಟಿಗೇ ಉಳಿದು, ಅಕ್ಷರಕ್ಕಾಗಿ -ಎಂ ಎಂಬ ಬೇರೆ ಆಯ್ಕೆ ಬಂತು.

```
ಡಬ್ಲ್ಯುಸಿ -ಎಂ ಕಥೆ
42 ಕಥೆ
```

112 ಬೈಟ್, 42 ಅಕ್ಷರ. ಸರಿ, ಈಗ ಬೆರಳು ಮಡಚಿ ಎಣಿಸಿ. ಸು, ಮ್ಮ, ನೆ, ಕು, ಳಿ, ತಿ, ದ್ದೆ: ಮೊದಲ ಸಾಲಿನಲ್ಲಿ ಏಳು. ಎರಡನೆಯದರಲ್ಲಿ ಏಳು, ಮೂರನೆಯದರಲ್ಲಿ ನಾಲ್ಕು. ಒಟ್ಟು 18. ಹಾಗಾದರೆ 42 ಎಲ್ಲಿಂದ ಬಂತು?

ಯೂನಿಕೋಡ್‌ನ ಕಣ್ಣಿಗೆ 'ಮ್ಮ' ಒಂದಲ್ಲ, ಮೂರು: ಮ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಮ. 'ನೆ' ಎರಡು: ನ ಮತ್ತು ಎತ್ವ. ಹೀಗೆ ಗುಣಿತದ ಪ್ರತಿ ಚಿಹ್ನೆ, ಪ್ರತಿ ಸೊನ್ನೆ, ಪ್ರತಿ ಒತ್ತು ಬೇರೆ ಬೇರೆಯಾಗಿ ನಿಲ್ಲುತ್ತವೆ. 'ಕನ್ನಡ' ಎಂದು ಬರೆದರೆ ನಮಗೆ ಮೂರು ಅಕ್ಷರ, -ಎಂ ಆಯ್ಕೆಗೆ ಐದು, -ಸಿ ಆಯ್ಕೆಗೆ ಹದಿನೈದು. 'ಸ್ತ್ರೀ' ನಮಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಆರು ಸಂಕೇತ, ಹದಿನೆಂಟು ಬೈಟ್. ಇದರ ಮೇಲೆ ಖಾಲಿ ಜಾಗ ಮತ್ತು ಎಂಟರ್‌ಗಳೂ ಒಂದೊಂದು ಅಕ್ಷರವಾಗಿ ಸೇರುತ್ತವೆ. ನಮ್ಮ ಫೈಲ್‌ನ 42ರಲ್ಲಿ ಏಳು ಅಂಥವು.

ಕಣ್ಣಿಗೆ ಕಾಣದ ಅಕ್ಷರಗಳೂ ಇವೆ. 'ಸಾಫ್ಟ್‌ವೇರ್' ಎಂದು ಬರೆಯುವಾಗ ವಕಾರ ಟಕಾರದ ಕೆಳಗೆ ಒತ್ತಾಗಿ ಇಳಿಯದಂತೆ ನಡುವೆ ಒಂದು ಅದೃಶ್ಯ ಸಂಕೇತ ಹಾಕುತ್ತೇವೆ. ಅದೂ ಎಣಿಕೆಗೆ ಬರುತ್ತದೆ, ಮೂರು ಬೈಟ್ ತೂಕದೊಂದಿಗೆ. ಹಾಗೆಯೇ 'ೇ' ಎಂಬ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಉಳಿಸಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿ ಒಡೆದೂ ಉಳಿಸಬಹುದು. ಪರದೆಯ ಮೇಲೆ ಎಳ್ಳಷ್ಟೂ ವ್ಯತ್ಯಾಸ ಕಾಣದು. ಒಂದೇ ಕವಿತೆಯ ಎರಡು ಫೈಲ್‌ಗಳು ಬೇರೆ ಬೇರೆ ಸಂಖ್ಯೆ ತೋರಿಸಿದರೆ ಮೊದಲ ಅನುಮಾನ ಇವುಗಳ ಮೇಲಿರಲಿ.

-ಎಂ ಕೊಟ್ಟರೂ 112 ಎಂದೇ ಬಂತೇ? ಹಾಗಿದ್ದರೆ ನಿಮ್ಮ ಟರ್ಮಿನಲ್‌ಗೆ ಯುಟಿಎಫ್-8 ಗೊತ್ತಾಗಿಲ್ಲ ಎಂದರ್ಥ. 'ಲೊಕೇಲ್' ಎಂದು ಬರೆದು ಎಂಟರ್ ಒತ್ತಿ. ಉತ್ತರದಲ್ಲಿ ಭಾಷೆಯ ಹೆಸರಿನ ಬದಲು ಬರೀ ದೊಡ್ಡ ಸಿ ಅಥವಾ ಪೋಸಿಕ್ಸ್ ಎಂದಿದ್ದರೆ ಅದೇ ಕಾರಣ. ದೂರದ ಸರ್ವರ್‌ಗಳಲ್ಲಿ ಇದು ಸಾಮಾನ್ಯ. ಅಲ್ಲಿ ಪ್ರತಿ ಬೈಟೂ ಒಂದು ಅಕ್ಷರ. ಲಿನಕ್ಸ್‌ನ ಹಳೆಯ ಆವೃತ್ತಿಗಳಲ್ಲಾದರೆ ಪದಗಳ ಎಣಿಕೆಯೂ ಕೆಟ್ಟು, ಶುದ್ಧ ಕನ್ನಡದ ಫೈಲ್‌ಗೆ ಸೊನ್ನೆ ಪದ ಎಂದು ಬರಬಹುದು. ಕಮಾಂಡ್‌ನ ಮುಂದೆಯೇ ಹೀಗೆ ಸೇರಿಸಿದರೆ ಆ ಒಂದು ಸಲಕ್ಕೆ ಸರಿಹೋಗುತ್ತದೆ:

```
ಎಲ್‌ಸಿ_ಆಲ್=ಸಿ.ಯುಟಿಎಫ್-8 ಡಬ್ಲ್ಯುಸಿ -ಎಂ ಕಥೆ
```

ಸಮ ಚಿಹ್ನೆಯ ಎರಡೂ ಬದಿಯಲ್ಲಿ ಜಾಗ ಬಿಡಬಾರದು, ಡಬ್ಲ್ಯುಸಿಯ ಹಿಂದಿನದ್ದೆಲ್ಲ ದೊಡ್ಡಕ್ಷರ.

ಇನ್ನು ಉಳಿದದ್ದು ನಮ್ಮ ಅಕ್ಷರ, ಅಂದರೆ ಮಾತ್ರೆ ಹಾಕುವಾಗ, ಕಂದ ಬರೆಯುವಾಗ ನಾವು ಎಣಿಸುವ ಆ 18. ಇದಕ್ಕೆ ಡಬ್ಲ್ಯುಸಿಯಲ್ಲಿ ಆಯ್ಕೆ ಇಲ್ಲ. ಆದರೆ ನಾವೇ ಕಟ್ಟಿಕೊಳ್ಳಬಹುದು. ಉಪಾಯ ಸರಳ. ಅರ್ಧಾಕ್ಷರದ ಚಿಹ್ನೆಯನ್ನೂ ಅದರ ಬೆನ್ನಿಗಿರುವ ಒಂದು ಸಂಕೇತವನ್ನೂ ಅಳಿಸಿಬಿಡಿ. 'ಮ್ಮ' ಹೋಗಿ 'ಮ' ಉಳಿಯುತ್ತದೆ. ಆಮೇಲೆ ಗುಣಿತದ ಚಿಹ್ನೆ, ಸೊನ್ನೆ, ವಿಸರ್ಗ, ಖಾಲಿ ಜಾಗ, ವಿರಾಮಚಿಹ್ನೆ ಎಲ್ಲ ಅಳಿಸಿ. ಉಳಿದದ್ದನ್ನು ಎಣಿಸಿ. ಅಳಿಸುವ ಕೆಲಸ ಸೆಡ್‌ನದು, ಅದರ ಅಕ್ಷರಗಳು ಎಸ್, ಇ, ಡಿ:

```
ಸೆಡ್ -ಇ 'ಎಸ್/್.//ಜಿ' -ಇ 'ಎಸ್/[ ,.!?ಾಿೀುೂೃೆೇೈೊೋೌಂಃ್]//ಜಿ' ಕಥೆ | ಗ್ರೆಪ್ -ಓ . | ಡಬ್ಲ್ಯುಸಿ -ಎಲ್
18
```

ಒಂಟಿ ಗುಣಿತ ಚಿಹ್ನೆಗಳು ಟರ್ಮಿನಲ್‌ನಲ್ಲಿ ಚುಕ್ಕಿ ವೃತ್ತದ ಮೇಲೆ ಕೂತಂತೆಯೋ ಪಕ್ಕದ ಚಿಹ್ನೆಗೆ ಅಂಟಿದಂತೆಯೋ ಕಾಣುತ್ತವೆ. ನೋಟ ಅಸಹ್ಯವಾದರೂ ಕೆಲಸ ಸರಿಯಾಗುತ್ತದೆ. ಗ್ರೆಪ್‌ನ -ಓ ಆಯ್ಕೆ ಉಳಿದ ಒಂದೊಂದು ಅಕ್ಷರವನ್ನೂ ಬೇರೆ ಬೇರೆ ಸಾಲಿನಲ್ಲಿ ಮುದ್ರಿಸುತ್ತದೆ, ಡಬ್ಲ್ಯುಸಿ ಆ ಸಾಲುಗಳನ್ನು ಎಣಿಸುತ್ತದೆ. 'ಸ್ತ್ರೀ' ಕೊಟ್ಟರೆ 1, 'ಸಾಫ್ಟ್‌ವೇರ್' ಕೊಟ್ಟರೆ 4 ಎಂದು ಬರುತ್ತದೆ. ಬೆರಳಿನ ಲೆಕ್ಕವೂ ಅದೇ.

ನಡುವೆ ಬಂದ ಆ ನಿಂತ ಗೆರೆಯೇ ಪೈಪ್. ಎಡಗಡೆಯ ಕಮಾಂಡ್‌ನ ಉತ್ತರವನ್ನು ಬಲಗಡೆಯದರ ಕೈಗೆ ದಾಟಿಸುತ್ತದೆ. ಯುನಿಕ್ಸ್‌ಗೆ ಇದು ಬಂದದ್ದು 1973ರಲ್ಲಿ, ಅದನ್ನು ಕಟ್ಟಿದ ತಂಡದಲ್ಲಿದ್ದ ಡಗ್ಲಸ್ ಮೆಕಿಲ್ರಾಯ್ ಅವರ ಒತ್ತಾಯದಿಂದ. ಎಣಿಸುವುದೊಂದನ್ನೇ ಬಲ್ಲ ಡಬ್ಲ್ಯುಸಿಗೆ ಅಂದಿನಿಂದ ಕೈತುಂಬ ಕೆಲಸ.

ಒಂದು ಪದ ಎಷ್ಟು ಸಲ ಬಂದಿದೆ?

ಈ ಪ್ರಶ್ನೆಗೆ ಅವಸರದ ಉತ್ತರ ಗ್ರೆಪ್ -ಸಿ. 'ಮನೆ' ಎಂಬ ಪದ ನಮ್ಮ ಕಥೆಯಲ್ಲಿ ಎಷ್ಟು ಸಲ ಇದೆ?

```
ಗ್ರೆಪ್ -ಸಿ 'ಮನೆ' ಕಥೆ
2
```

ಎರಡು. ಫೈಲ್ ನೋಡಿದರೂ ಎರಡೇ ಇವೆ. ಸಂತೋಷಪಡುವ ಮೊದಲು ಅದು ಹೇಗೆ ಎರಡಾಯಿತು ಎಂದು ನೋಡಿ. ಗ್ರೆಪ್ -ಸಿ ಎಣಿಸುವುದು ಪದಗಳನ್ನಲ್ಲ, ಪದ ಸಿಕ್ಕ ಸಾಲುಗಳನ್ನು. ಎರಡನೇ ಸಾಲಿನಲ್ಲಿ 'ಮನೆ' ಎರಡು ಸಲ ಇದ್ದರೂ ಅದು ಒಂದೇ ಸಾಲು. ಹಾಗಾದರೆ ಇನ್ನೊಂದು ಸಾಲು ಯಾವುದು? ಮೊದಲನೆಯದು. 'ಸುಮ್ಮನೆ' ಎಂಬುದರ ಹೊಟ್ಟೆಯಲ್ಲೂ ಒಂದು 'ಮನೆ' ಇದೆ! ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿ ಸರಿಯುತ್ತರದ ವೇಷ ಹಾಕಿಕೊಂಡಿವೆ. ಇಂಥ ಉತ್ತರ ತಪ್ಪುತ್ತರಕ್ಕಿಂತ ಅಪಾಯಕಾರಿ, ಯಾಕೆಂದರೆ ಯಾರೂ ಮತ್ತೆ ತಿರುಗಿ ನೋಡುವುದಿಲ್ಲ.

-ಓ ಆಯ್ಕೆ ಕೊಟ್ಟು ಸಿಕ್ಕಿದ್ದನ್ನೆಲ್ಲ ಒಂದೊಂದು ಸಾಲಿಗೆ ಇಳಿಸಿ ಎಣಿಸಿದರೆ ಒಂದು ತಪ್ಪು ಹೋಗುತ್ತದೆ:

```
ಗ್ರೆಪ್ -ಓ 'ಮನೆ' ಕಥೆ | ಡಬ್ಲ್ಯುಸಿ -ಎಲ್
3
```

'ಸುಮ್ಮನೆ'ಯನ್ನು ಹೊರಗಿಡಬೇಕಾದರೆ ಮೊದಲು ಪದಗಳನ್ನೆಲ್ಲ ಬಿಡಿಸಿ ಸಾಲಿಗೊಂದರಂತೆ ನಿಲ್ಲಿಸಿ, ಆಮೇಲೆ ಪೂರ್ತಿ ಸಾಲೇ 'ಮನೆ' ಆಗಿರುವುದನ್ನು ಮಾತ್ರ ಎಣಿಸಬೇಕು. ಪೂರ್ತಿ ಸಾಲು ಎನ್ನುವುದಕ್ಕೆ -ಎಕ್ಸ್:

```
ಗ್ರೆಪ್ -ಓಇ '[^ ,.!?“”।]+' ಕಥೆ | ಗ್ರೆಪ್ -ಸಿಎಕ್ಸ್ 'ಮನೆ'
2
```

ಮೊದಲ ಗ್ರೆಪ್‌ನ ಇ ದೊಡ್ಡಕ್ಷರ. ಚೌಕ ಆವರಣದಲ್ಲಿರುವ ಚಿಹ್ನೆಗಳನ್ನು ಬಿಟ್ಟು ಉಳಿದದ್ದರ ಸರಮಾಲೆಯೇ ಪದ ಎಂದು ಅದರ ಅರ್ಥ. ಹೀಗೆ ಮಾಡಿದರೆ 'ಮನೆ.' ಎಂದು ಪೂರ್ಣವಿರಾಮ ಅಂಟಿಕೊಂಡಿದ್ದರೂ ಸಿಗುತ್ತದೆ. 'ಮನೆಗೆ', 'ಮನೆಯಿಂದ' ಸಿಗುವುದಿಲ್ಲ. ಅವೂ ಬೇಕಾದರೆ -ಎಕ್ಸ್ ತೆಗೆದು, ಹುಡುಕುವ ಪದದ ಮುಂದೆ ಸಾಲಿನ ಆರಂಭ ಎಂದು ಸೂಚಿಸುವ ಟೋಪಿ ಚಿಹ್ನೆ ಇಡಿ: '^ಮನೆ'. ಆಗ 'ಮನೆತನ'ವೂ ಒಳಗೆ ಬರುತ್ತದೆ. ಅದನ್ನು ಬೇರ್ಪಡಿಸುವ ಕೆಲಸ ಕಣ್ಣಿನದ್ದೇ.

ವಿರಾಮಚಿಹ್ನೆ ತೆಗೆಯಲು ಟಿಆರ್ ಎಂಬ ಕಮಾಂಡ್ ಬಳಸಿ ಎಂದು ಹಲವರು ಹೇಳುತ್ತಾರೆ. ಇಂಗ್ಲಿಷ್ ಬರಹಕ್ಕೆ ಅದು ಚೆನ್ನಾಗಿಯೇ ನಡೆಯುತ್ತದೆ. ಲಿನಕ್ಸ್‌ನಲ್ಲಿರುವ ಗ್ನೂ ಟಿಆರ್ ಅಕ್ಷರ ನೋಡುವುದಿಲ್ಲ, ಬೈಟ್ ನೋಡುತ್ತದೆ. ದಂಡವನ್ನು ಅಳಿಸು ಎಂದು '।' ಕೊಟ್ಟರೆ ಅದರ ಮೂರು ಬೈಟ್‌ಗಳನ್ನೂ ಸಿಕ್ಕಸಿಕ್ಕಲ್ಲಿ ಅಳಿಸುತ್ತದೆ. ಅದರ ಮೊದಲ ಬೈಟ್ 224. ಕನ್ನಡದ ಪ್ರತಿಯೊಂದು ಸಂಕೇತದ ಮೊದಲ ಬೈಟೂ 224! ಒಂದು ದಂಡ ತೆಗೆಯಲು ಹೋಗಿ ಇಡೀ ಕಾವ್ಯ ಪ್ರಶ್ನಾರ್ಥಕ ಚಿಹ್ನೆಗಳ ರಾಶಿಯಾಗುತ್ತದೆ. ವಕ್ರ ಉದ್ಧರಣ ಚಿಹ್ನೆ ತೆಗೆದರೆ ಹಾನಿ ಇನ್ನೂ ಗುಟ್ಟಾಗಿರುತ್ತದೆ. ಈತ್ವದ 'ೀ' ಚಿಹ್ನೆಯ ಕೊನೆಯ ಬೈಟ್ ಅದರಲ್ಲೂ ಇರುವುದರಿಂದ ಅಂಥ ಕೆಲವು ಕಡೆ ಮಾತ್ರ ಬರಹ ಒಡೆಯುತ್ತದೆ. ಕನ್ನಡಕ್ಕೆ ಗ್ರೆಪ್ ಅಥವಾ ಸೆಡ್ ಬಳಸಿ, ಟಿಆರ್ ಅನ್ನು ಇಂಗ್ಲಿಷ್‌ಗೆ ಬಿಟ್ಟುಬಿಡಿ.

ಪದಗಳನ್ನು ಸಾಲಿಗೊಂದರಂತೆ ನಿಲ್ಲಿಸಿದ ಮೇಲೆ ಇನ್ನೊಂದು ಹೆಜ್ಜೆ ಇಟ್ಟರೆ ಇಡೀ ಪದಪಟ್ಟಿಯೇ ಸಿಗುತ್ತದೆ:

```
ಗ್ರೆಪ್ -ಓಇ '[^ ,.!?“”।]+' ಕಥೆ | ಸಾರ್ಟ್ | ಯುನಿಕ್ -ಸಿ | ಸಾರ್ಟ್ -ಎನ್‌ಆರ್ | ಹೆಡ್
```

ಯುನಿಕ್ ಬರೆಯುವುದು ಯು, ಎನ್, ಐ, ಕ್ಯೂ ಅಕ್ಷರಗಳಿಂದ. ಅದು ಅಕ್ಕಪಕ್ಕದಲ್ಲಿರುವ ಒಂದೇ ತೆರನ ಸಾಲುಗಳನ್ನು ಮಾತ್ರ ಕೂಡಿಸಿ ಎಣಿಸುವುದರಿಂದ ಮೊದಲು ಸಾರ್ಟ್ ಬೇಕೇಬೇಕು. ಕೊನೆಯ ಹೆಡ್ ಮೊದಲ ಹತ್ತನ್ನು ತೋರಿಸುತ್ತದೆ. ನಮ್ಮ ಫೈಲ್‌ನಲ್ಲಿ 'ಮನೆ' ಎರಡರೊಂದಿಗೆ ತುದಿಯಲ್ಲಿರುತ್ತದೆ, ಉಳಿದದ್ದೆಲ್ಲ ಒಂದೊಂದು. 1986ರಲ್ಲಿ ಇದೇ ಲೆಕ್ಕಕ್ಕೆ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಹಲವು ಪುಟಗಳ ಪ್ರೋಗ್ರಾಂ ಬರೆದಾಗ, ಅದನ್ನು ವಿಮರ್ಶಿಸಿದ ಮೆಕಿಲ್ರಾಯ್ ಆರು ಕಮಾಂಡ್‌ಗಳ ಪೈಪಿನಲ್ಲಿ ಕೆಲಸ ಮುಗಿಸಿ ತೋರಿಸಿದ್ದರು. ನನ್ನ ಬರಹದಲ್ಲಿ ಈ ಪಟ್ಟಿ ಓಡಿಸಿದಾಗಲೆಲ್ಲ 'ಆದರೆ' ಮೇಲೆ ತೇಲಿ ಬರುತ್ತದೆ. ಯಾರೂ ಹೇಳಿರದ ಚಾಳಿಯನ್ನು ಕಂಪ್ಯೂಟರ್ ಹೇಳಿದಾಗ ನಾಚಿಕೆಯಾಗುತ್ತದೆ.

ಹಲವು ಫೈಲ್‌ಗಳು

ಕಾದಂಬರಿಯ ಅಧ್ಯಾಯಗಳು ಒಂದೇ ಫೋಲ್ಡರಿನಲ್ಲಿ ಬೇರೆ ಬೇರೆ ಫೈಲ್‌ಗಳಾಗಿವೆ ಎಂದುಕೊಳ್ಳಿ:

```
ಡಬ್ಲ್ಯುಸಿ -ಡಬ್ಲ್ಯು ಅಧ್ಯಾಯಗಳು/* | ಸಾರ್ಟ್ -ಎನ್
```

ಯಾವ ಅಧ್ಯಾಯ ಸಣಕಲು, ಯಾವುದು ಊದಿಕೊಂಡಿದೆ ಎಂದು ಒಂದೇ ನೋಟಕ್ಕೆ ಕಾಣುತ್ತದೆ, ಒಟ್ಟು ಮೊತ್ತ ಕೊನೆಯ ಸಾಲಿನಲ್ಲಿ. ಈ ಪಟ್ಟಿಯನ್ನು ಬೇರೆಡೆಗೆ ನಕಲು ಮಾಡಿ ಕೂಡುವವರು ಆ ಮೊತ್ತದ ಸಾಲನ್ನೂ ಸೇರಿಸಿ ಕೂಡಿಬಿಟ್ಟರೆ ಕಾದಂಬರಿ ಇಮ್ಮಡಿಯಾಗುತ್ತದೆ.

ಒಳಗಿನ ಫೋಲ್ಡರುಗಳೂ ಸೇರಿ ಒಟ್ಟು ಮೊತ್ತ ಮಾತ್ರ ಬೇಕಾದರೆ:

```
ಫೈಂಡ್ ಅಧ್ಯಾಯಗಳು -ಟೈಪ್ ಎಫ್ -ಎಕ್ಸೆಕ್ ಕ್ಯಾಟ್ {} + | ಡಬ್ಲ್ಯುಸಿ -ಡಬ್ಲ್ಯು
```

ಕ್ಯಾಟ್ ಎಲ್ಲ ಫೈಲ್‌ಗಳನ್ನೂ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತದೆ. ಯಾವುದಾದರೂ ಅಧ್ಯಾಯದ ಕೊನೆಯಲ್ಲಿ ಎಂಟರ್ ಇಲ್ಲದಿದ್ದರೆ ಅದರ ಕೊನೆಯ ಪದವೂ ಮುಂದಿನದರ ಮೊದಲ ಪದವೂ ಅಂಟಿಕೊಂಡು ಒಂದಾಗುತ್ತವೆ. ಎರಡು ವಿಧಾನದ ಮೊತ್ತಗಳ ನಡುವೆ ಐದಾರು ಪದಗಳ ವ್ಯತ್ಯಾಸ ಕಂಡರೆ ಕಾರಣ ಇದೇ.

ವಿಂಡೋಸ್‌ನ ಕುರುಹುಗಳು

ವಿಂಡೋಸ್‌ನಲ್ಲಿ ಲಿನಕ್ಸ್‌ನ ಕಮಾಂಡ್‌ಗಳನ್ನು ನಡೆಸಿಕೊಡುವ ಡಬ್ಲ್ಯುಎಸ್‌ಎಲ್ ಅಥವಾ ಗಿಟ್ ಬ್ಯಾಷ್ ಹಾಕಿಕೊಂಡರೆ ಈವರೆಗೆ ಹೇಳಿದ್ದೆಲ್ಲ ನಡೆಯುತ್ತದೆ. ಅದು ಬೇಡವೆಂದರೆ ವಿಂಡೋಸ್‌ನದೇ ಟರ್ಮಿನಲ್ ಆದ ಪವರ್‌ಶೆಲ್‌ನಲ್ಲಿ:

```
ಗೆಟ್-ಕಂಟೆಂಟ್ ಕಥೆ -ಎನ್‌ಕೋಡಿಂಗ್ ಯುಟಿಎಫ್8 | ಮೆಷರ್-ಆಬ್ಜೆಕ್ಟ್ -ಲೈನ್ -ವರ್ಡ್ -ಕ್ಯಾರೆಕ್ಟರ್
```

ನಮ್ಮ ಫೈಲ್‌ಗೆ ಇದು 42ರ ಬದಲು 39 ಅಕ್ಷರ ಎನ್ನುತ್ತದೆ, ಎಂಟರ್‌ಗಳನ್ನು ಎಣಿಸದಿರುವುದರಿಂದ. ಖಾಲಿ ಸಾಲುಗಳನ್ನೂ ಸಾಲೆಂದು ಒಪ್ಪುವುದಿಲ್ಲ. ಎನ್‌ಕೋಡಿಂಗ್ ಹೇಳದೆ ಬಿಟ್ಟರೆ ಹಳೆಯ ಪವರ್‌ಶೆಲ್ ಕನ್ನಡವನ್ನು ಬೇರೇನೋ ಎಂದು ಓದುತ್ತದೆ.

ವಿಂಡೋಸ್‌ನಲ್ಲಿ ಬರೆದ ಫೈಲನ್ನು ಲಿನಕ್ಸ್‌ಗೆ ತಂದಾಗ ಸಂಖ್ಯೆ ಉಬ್ಬಿರುವುದುಂಟು. ಕೆಲವು ಸಂಪಾದಕ ತಂತ್ರಾಂಶಗಳು ಪ್ರತಿ ಸಾಲಿನ ಕೊನೆಗೆ ಎಂಟರ್ ಜೊತೆ ಇನ್ನೊಂದು ಕಾಣದ ಸಂಕೇತ ಸೇರಿಸುತ್ತವೆ, ಸಾಲಿಗೊಂದು ಬೈಟ್. ಇನ್ನು ಕೆಲವು ಫೈಲ್‌ನ ನೆತ್ತಿಯ ಮೇಲೆ ಮೂರು ಬೈಟಿನ ಒಂದು ಗುರುತು ಹಚ್ಚುತ್ತವೆ. ನಮ್ಮ ಮೂರು ಸಾಲಿನ ಕಥೆಗೆ ಎರಡರಲ್ಲಿ ಯಾವುದಾದರೂ -ಸಿ ತೋರಿಸುವುದು 115. ಯಾವುದು ಎಂದು ಪತ್ತೆಹಚ್ಚಲು -ಎಂ ಕೇಳಿ. 45 ಬಂದರೆ ಸಾಲಿನ ಕೊನೆಯ ಸಂಕೇತಗಳು, 43 ಬಂದರೆ ನೆತ್ತಿಯ ಗುರುತು.

ಡಬ್ಲ್ಯುಸಿಗೆ ಕೊಡಬಾರದ ಫೈಲ್‌ಗಳು

ವರ್ಡ್ ಕಡತವನ್ನು ನೇರವಾಗಿ ಕೊಟ್ಟರೂ ಅದು ಮೂರು ಸಂಖ್ಯೆ ಹೇಳಿಯೇ ಹೇಳುತ್ತದೆ, ತಕರಾರೇ ಇಲ್ಲದೆ. ಆ ಸಂಖ್ಯೆಗಳಿಗೆ ಅರ್ಥವಿಲ್ಲ. ಇಂದಿನ ವರ್ಡ್ ಕಡತ ನಿಜವಾಗಿ ಒತ್ತಿ ಕಟ್ಟಿದ ಜಿಪ್ ಗಂಟು. ಮೊದಲು ಪ್ಯಾಂಡಾಕ್ ಎಂಬ ತಂತ್ರಾಂಶದಿಂದ ಬರೀ ಬರಹವಾಗಿ ಬದಲಿಸಿಕೊಂಡು ಪೈಪಿನಲ್ಲಿ ಡಬ್ಲ್ಯುಸಿಗೆ ದಾಟಿಸಿ. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಹಳೆಯ ಕಡತಗಳಲ್ಲಿ ಪದದ ಲೆಕ್ಕ ಹೆಚ್ಚುಕಡಿಮೆ ಸರಿಯಿರುತ್ತದೆ. ಅಕ್ಷರದ ಲೆಕ್ಕ ಮಾತ್ರ ನಂಬಬೇಡಿ, ಅಲ್ಲಿ ಒಳಗಿರುವುದು ಕನ್ನಡವೇ ಅಲ್ಲ.

ಪಿಡಿಎಫ್ ಆದರೆ 'ಪಿಡಿಎಫ್‌ಟುಟೆಕ್ಸ್ಟ್' ಕಮಾಂಡ್ ಇದೆ. ಫೈಲ್‌ನ ಹೆಸರಿನ ನಂತರ ಒಂಟಿ ಅಡ್ಡಗೆರೆ ಕೊಟ್ಟರೆ ಬರಹ ಪೈಪಿಗೆ ಸಿದ್ಧವಾಗಿ ಬರುತ್ತದೆ:

```
ಪಿಡಿಎಫ್‌ಟುಟೆಕ್ಸ್ಟ್ ಪುಸ್ತಕ - | ಡಬ್ಲ್ಯುಸಿ -ಡಬ್ಲ್ಯು
```

ಎಣಿಸುವ ಮೊದಲು ಡಬ್ಲ್ಯುಸಿಯ ಬದಲು ಹೆಡ್ ಕೊಟ್ಟು ಮೊದಲ ಹತ್ತು ಸಾಲು ಕಣ್ಣಾಡಿಸಿ. ಕನ್ನಡ ಪಿಡಿಎಫ್‌ನಿಂದ ಬರಹ ಹಲವು ಸಲ ಒತ್ತು ದೀರ್ಘಗಳು ಕೆದರಿದ ರೂಪದಲ್ಲಿ ಹೊರಬರುತ್ತದೆ, ಪದದ ನಡುವೆಯೇ ಖಾಲಿ ಜಾಗ ನುಸುಳಿರುತ್ತದೆ. ಬರಹ ಚೊಕ್ಕವಾಗಿಯೇ ಬಂದರೂ ಪುಟಸಂಖ್ಯೆಯೂ ಪುಟದ ನೆತ್ತಿಯ ಮೇಲಿನ ಶೀರ್ಷಿಕೆಯೂ ಪದಗಳಾಗಿ ಸೇರಿರುತ್ತವೆ. ಇನ್ನೂರು ಪುಟದ ಪುಸ್ತಕದಲ್ಲಿ ಮೂರು ಪದದ ಶೀರ್ಷಿಕೆಯೂ ಪುಟಸಂಖ್ಯೆಯೂ ಪ್ರತಿ ಪುಟದಲ್ಲೂ ಇದ್ದರೆ, ಲೇಖಕರು ಬರೆಯದೇ ಇದ್ದ 800 ಪದಗಳು ಲೆಕ್ಕದಲ್ಲಿರುತ್ತವೆ.